ಲೆನ್ನಾರ್ಟ್ ಯೊಹಾನ್ಸನ್: ಚಾಂಪಿಯನ್ಸ್ ಲೀಗ್ ಕಟ್ಟಿದವರ ಬಗ್ಗೆ ನಾವ್ಯಾಕೆ ಮಾತಾಡಲ್ಲ?

ಹಲಸೂರು_ಹಾಫ್‌ಬ್ಯಾಕ್:
ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಅಧ್ಯಕ್ಷರಾಗಿದ್ದ ಸೆಪ್ ಬ್ಲಾಟರ್ ಹೆಸರು ಎಲ್ಲರಿಗೂ ಗೊತ್ತು. ಫ್ರಾನ್ಸ್‌ನ ಹಳೇ ಸ್ಟಾರ್ ಆಟಗಾರ ಪ್ಲಾಟಿನಿ ಹೆಸರಂತೂ ಹೇಳಬೇಕಿಲ್ಲ. ಇವರಿಬ್ಬರ ಕೈಲೂ ಚುನಾವಣೆ ಸೋತ ಒಬ್ಬ ಸ್ವೀಡಿಷ್ ಮುದುಕ ಇದ್ದರು, ಅವರ ಹೆಸರು ಇಲ್ಲಿ ಎಷ್ಟು ಜನಕ್ಕೆ ನೆನಪಿದೆ? ಲೆನ್ನಾರ್ಟ್ ಯೊಹಾನ್ಸನ್. 1990ರಿಂದ 2007ರವರೆಗೆ ಯೂರೋಪ್ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎಯ ಅಧ್ಯಕ್ಷರು. ನಾವು ನಿದ್ದೆಗೆಟ್ಟು ನೋಡುವ, ಯೂರೋಪಿನ ದೊಡ್ಡ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಶುರುವಾಗಿದ್ದು ಇವರ ಕಾಲದಲ್ಲಿ.

ಹುಟ್ಟಿದ್ದು 1929ರಲ್ಲಿ, ಸ್ಟಾಕ್‌ಹೋಮ್ ಪಕ್ಕದ ಬ್ರೊಮ್ಮಾದಲ್ಲಿ. ದೊಡ್ಡ ಆಟಗಾರ ಅಲ್ಲವೇ ಅಲ್ಲ. ನೆಲಹಾಸು ಮಾಡುವ ಕಂಪನಿಯಲ್ಲಿ ಎಂಡಿ ಆಗಿದ್ದವರು. 1960ರ ದಶಕದ ಕೊನೆಯಲ್ಲಿ ತಮ್ಮ ಊರಿನ ಕ್ಲಬ್ ಎಐಕೆಯ ಆಡಳಿತಕ್ಕೆ ಬಂದರು. 80ರ ದಶಕದಲ್ಲಿ ಸ್ವೀಡನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾದರು. 1990ರ ಏಪ್ರಿಲ್‌ನಲ್ಲಿ ಮಾಲ್ಟಾದಲ್ಲಿ ನಡೆದ ಸಭೆಯಲ್ಲಿ ಯುಇಎಫ್‌ಎ ಗಾದಿ ಸಿಕ್ಕಿತು.

ಆ ಹೊತ್ತಿಗೆ ಯೂರೋಪ್ ಫುಟ್‌ಬಾಲ್ ಸ್ಥಿತಿ ಚೆನ್ನಾಗಿರಲಿಲ್ಲ. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳ ದಾಂಧಲೆಯಿಂದ 39 ಜನ ಸತ್ತಿದ್ದರು. ಇಂಗ್ಲೆಂಡ್ ಕ್ಲಬ್ಬುಗಳಿಗೆ ನಿಷೇಧ ಇತ್ತು. ಯೊಹಾನ್ಸನ್ ಬಂದ ಕೆಲವೇ ತಿಂಗಳಲ್ಲಿ ಅವನ್ನು ವಾಪಸ್ ಕರೆದುಕೊಂಡರು. ಲಿವರ್‌ಪೂಲ್ ಮಾತ್ರ ಇನ್ನೊಂದು ವರ್ಷ ಕಾಯಬೇಕಾಯಿತು. ಮ್ಯಾಂಚೆಸ್ಟರ್ ಯುನೈಟೆಡ್ ವಾಪಸ್ ಬಂದ ಮೊದಲ ವರ್ಷವೇ, 1991ರಲ್ಲಿ, ಯೂರೋಪಿನ ಇನ್ನೊಂದು ಕ್ಲಬ್ ಟೂರ್ನಿಯಾದ ಕಪ್ ವಿನ್ನರ್ಸ್ ಕಪ್ ಎತ್ತಿತು.

ನನ್ನ ವಾದ ಇಷ್ಟೇ. ಕಳೆದ ಅರವತ್ತು ಎಪ್ಪತ್ತು ವರ್ಷದಲ್ಲಿ ಕ್ಲಬ್ ಫುಟ್‌ಬಾಲನ್ನು ಇಷ್ಟು ಬದಲಾಯಿಸಿದ ಆಡಳಿತಗಾರ ಇನ್ನೊಬ್ಬರಿಲ್ಲ. ಒಪ್ತೀರಾ?

ಬೆಂಚು_ಬಿಸಿ:
ಒಪ್ಪಲ್ಲ ಗುರು. ಸೂಟು ಹಾಕಿಕೊಂಡು ಕೈ ಕುಲುಕುವವರನ್ನು ಹೊಗಳೋಕೂ ಒಂದು ಚರ್ಚೆ ಬೇಕಾ? ಚಾಂಪಿಯನ್ಸ್ ಲೀಗ್ ಇವರ ತಲೆಯಿಂದ ಬಂದಿದ್ದಲ್ಲ. ಮಿಲಾನ್, ರಿಯಲ್ ಮ್ಯಾಡ್ರಿಡ್‌ನಂಥ ಕ್ಲಬ್ಬುಗಳು ಜಾಸ್ತಿ ಮ್ಯಾಚ್ ಬೇಕು, ಜಾಸ್ತಿ ದುಡ್ಡು ಬೇಕು ಅಂತ ಆಗಲೇ ಕೂತಿದ್ದವು. ಚಾಂಪಿಯನ್ಸ್ ಲೀಗ್‌ಗೂ ಮುಂಚೆ ಇದ್ದ ಹಳೇ ಯೂರೋಪಿಯನ್ ಕಪ್‌ನಲ್ಲಿ ಮೊದಲ ಸುತ್ತಿನಲ್ಲೇ ಎರಡು ಮ್ಯಾಚ್ ಸೋತರೆ ಆ ವರ್ಷ ಮನೆಗೆ. ಮಿಲಾನ್ ಮಾಲೀಕ ಬರ್ಲುಸ್ಕೋನಿಗೆ ಅದು ಸಹಿಸಲಿಲ್ಲ. ಒತ್ತಡ ಬಂತು, ಇವರು ಬಗ್ಗಿದರು. ಅಷ್ಟೇ ಕಥೆ.

ಹಲಸೂರು_ಹಾಫ್‌ಬ್ಯಾಕ್:
ಒತ್ತಡ ಇತ್ತು, ಇಲ್ಲ ಅನ್ನಲ್ಲ. ಆದರೆ ಒತ್ತಡ ಬಂದಾಗ ಏನು ಮಾಡಿದರು ಅನ್ನೋದನ್ನೂ ನೋಡಬೇಕಲ್ವಾ? ದೊಡ್ಡ ಕ್ಲಬ್ಬುಗಳು ಬೇರೆ ಹೋಗಿ ತಮ್ಮದೇ ಲೀಗ್ ಮಾಡಿಕೊಳ್ಳಬಹುದಿತ್ತು. ಹಾಗಾಗದಂತೆ ಟೂರ್ನಿಯನ್ನು ಯುಇಎಫ್‌ಎ ಕೈಯಲ್ಲೇ ಇಟ್ಟುಕೊಂಡರು.

ಅದಕ್ಕೂ ಮುಂಚೆ ಟಿವಿ ಹಕ್ಕು ಮಾರುತ್ತಿದ್ದದ್ದು ಆಯಾ ಕ್ಲಬ್ಬೇ. ತನ್ನ ಮೈದಾನದ ಮ್ಯಾಚು, ತನ್ನ ದುಡ್ಡು. 1992ರಲ್ಲಿ ಗುಂಪು ಹಂತದ ಹಕ್ಕುಗಳನ್ನೆಲ್ಲ ಒಟ್ಟುಗೂಡಿಸಿ ಯುಇಎಫ್‌ಎ ತಾನೇ ಮಾರಿತು. ವ್ಯಾಪಾರದ ಕೆಲಸ ನೋಡಿಕೊಂಡದ್ದು ಟೀಮ್ ಅನ್ನುವ ಸಂಸ್ಥೆ. ಕ್ಲಾಸ್ ಹೆಂಪೆಲ್, ಯುರ್ಗೆನ್ ಲೆಂಝ್ ಅಂತ ಇಬ್ಬರು ಅದನ್ನು ಕಟ್ಟಿದವರು. ಮೈದಾನದ ಹಳೇ ಜಾಹೀರಾತು ಹಲಗೆಗಳನ್ನೆಲ್ಲ ತೆಗೆಸಿದರು. ಕೆಲವೇ ಪ್ರಾಯೋಜಕರು. ಎಲ್ಲ ಊರಲ್ಲೂ ಒಂದೇ ನಕ್ಷತ್ರದ ಗುರುತು, ಮ್ಯಾಚಿಗೆ ಮುಂಚೆ ಅದೇ ಹಾಡು. ಟಿವಿ ಹಾಕಿದ ತಕ್ಷಣ ಯಾವ ಟೂರ್ನಿ ಅಂತ ಗೊತ್ತಾಗಬೇಕು, ಹಾಗೆ.

ಅಧ್ಯಕ್ಷರೇ ಕೂತು ಇದೆಲ್ಲ ಬರೆದರು ಅಂತ ನಾನು ಹೇಳ್ತಿಲ್ಲ. ಪ್ರಧಾನ ಕಾರ್ಯದರ್ಶಿ ಗೆರ್ಹಾರ್ಡ್ ಐಗ್ನರ್ ಪಾಲು ದೊಡ್ಡದು. ಆದರೆ ಸಭೆಯಲ್ಲಿ ಅಷ್ಟೊಂದು ದೇಶಗಳ ಕೈಲಿ ಹ್ಞೂಂ ಅನ್ನಿಸುವುದು ಸುಮ್ನೆ ಆಗುವ ಕೆಲಸ ಅಲ್ಲ.

ಸೋಲ್ನಾ_ಸೊಸೆ:
ನಾನು ಮದುವೆಯಾಗಿ ಬಂದದ್ದು ಸ್ಟಾಕ್‌ಹೋಮ್ ಪಕ್ಕದ ಸೋಲ್ನಾಗೆ. ಎಐಕೆ ಊರು ಇದು. ಹಾಗಾಗಿ ನಾಲ್ಕು ಮಾತು.

ಸ್ವೀಡನ್‌ನಲ್ಲಿ ಕ್ಲಬ್ ಅಂದರೆ ಒಬ್ಬ ಮಾಲೀಕರ ಆಸ್ತಿ ಅಲ್ಲ, ಸದಸ್ಯರ ಸಂಘ. ವರ್ಷಕ್ಕೊಮ್ಮೆ ಸಭೆ ನಡೆಯುತ್ತೆ, ಸದಸ್ಯರು ಕೈ ಎತ್ತಿ ಮತ ಹಾಕ್ತಾರೆ. ಕಂಪನಿ ಮಾಡಿದರೂ ಅದರಲ್ಲಿ ಹೆಚ್ಚಿನ ಮತ ಸದಸ್ಯರ ಸಂಘಕ್ಕೇ ಇರಬೇಕು ಅನ್ನೋ ನಿಯಮ 1999ರಿಂದ ಇದೆ. 2024ರಲ್ಲಿ ವಿಡಿಯೊ ನೋಡಿ ತೀರ್ಪು ಕೊಡುವ ವಿಎಆರ್ ಬೇಡ ಅಂತ ಇಲ್ಲಿನ ಹೆಚ್ಚಿನ ಕ್ಲಬ್ಬುಗಳು ಹೇಳಿದ್ದು ಹೀಗೇ. ಅಭಿಮಾನಿಗಳು ಸಭೆಗೆ ಹೋಗಿ ಬೇಡ ಅಂದರು, ಕ್ಲಬ್ಬೂ ಬೇಡ ಅಂದಿತು, ಮುಗೀತು. ಯೊಹಾನ್ಸನ್ ಬೆಳೆದದ್ದು ಈ ಪದ್ಧತಿಯಲ್ಲಿ. ಕೊನೆವರೆಗೂ ಅವರು ಎಐಕೆ ಮನುಷ್ಯ.

ಈಗ ತಮಾಷೆ ನೋಡಿ. ಅವರು ಶುರು ಮಾಡಿದ ಟೂರ್ನಿಯ ಗುಂಪು ಹಂತಕ್ಕೆ ಎಐಕೆ ಹೋಗಿದ್ದು ಒಂದೇ ಸಲ, 1999ರಲ್ಲಿ. ಗುಂಪಿನಲ್ಲಿ ಬಾರ್ಸಿಲೋನಾ, ಆರ್ಸೆನಲ್, ಫಿಯೊರೆಂಟಿನಾ. ಆರು ಮ್ಯಾಚಲ್ಲಿ ಸಿಕ್ಕಿದ್ದು ಒಂದು ಪಾಯಿಂಟ್. ಫಿಯೊರೆಂಟಿನಾ ಜೊತೆ 0-0.

ಗೋಥೆನ್‌ಬರ್ಗ್_ಗೌಡ:
ಸೋಲ್ನಾ ಅಕ್ಕ ಹೇಳಿದ್ದಕ್ಕೆ ನಮ್ಮೂರಿನ ಲೆಕ್ಕವನ್ನೂ ಸೇರಿಸ್ತೀನಿ, ಯಾಕಂದ್ರೆ ಅಸಲಿ ವಿಷಯ ಅಲ್ಲಿದೆ.

ಇಲ್ಲಿನ ಐಎಫ್‌ಕೆ ಗೋಥೆನ್‌ಬರ್ಗ್ 1982ರಲ್ಲಿ, 1987ರಲ್ಲಿ ಯುಇಎಫ್‌ಎ ಕಪ್ ಗೆದ್ದಿತ್ತು. 82ರ ಕೋಚ್ ಸ್ವೆನ್ ಯೊರಾನ್ ಎರಿಕ್ಸನ್, ಆಮೇಲೆ ಇಂಗ್ಲೆಂಡ್ ತಂಡಕ್ಕೆ ಹೋದವರು. ಫೈನಲ್‌ನಲ್ಲಿ ಹ್ಯಾಂಬರ್ಗ್ ತಂಡವನ್ನು ಇಲ್ಲಿ 1-0, ಅವರ ಊರಲ್ಲೇ 3-0 ಹೊಡೆದರು. ತಂಡದಲ್ಲಿ ಸುಮಾರು ಜನ ಬೇರೆ ಕೆಲಸ ಮಾಡಿಕೊಂಡು ಆಡುವವರು. 1979ರಲ್ಲಿ ಮಾಲ್ಮೊ ಯೂರೋಪಿಯನ್ ಕಪ್ ಫೈನಲ್‌ಗೇ ಹೋಗಿತ್ತು, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೈಲಿ 1-0 ಸೋತಿತು.

ಚಾಂಪಿಯನ್ಸ್ ಲೀಗ್ ಶುರುವಾದ ಮೇಲೂ ಮೊದಮೊದಲು ಚೆನ್ನಾಗೇ ಇತ್ತು. ಮೊದಲ ವರ್ಷ ಮಿಲಾನ್ ಗುಂಪಿನಲ್ಲಿ ಐಎಫ್‌ಕೆಗೆ ಎರಡನೇ ಸ್ಥಾನ. ಹಾಂ, ಮಿಲಾನ್‌ನಲ್ಲಿ ವಾನ್ ಬಾಸ್ಟೆನ್ ಒಬ್ಬನೇ ನಾಲ್ಕು ಗೋಲು ಹೊಡೆದ, ಅದನ್ನು ಇಲ್ಲಿನ ಹಿರಿಯರ ಮುಂದೆ ಎತ್ತಬೇಡಿ. 1994ರಲ್ಲಿ ಇದೇ ಊರಿನ ಉಲ್ಲೆವಿ ಮೈದಾನದಲ್ಲಿ ಬಾರ್ಸಿಲೋನಾಗೆ 2-1, ಮ್ಯಾಂಚೆಸ್ಟರ್ ಯುನೈಟೆಡ್‌ಗೆ 3-1 ಹೊಡೆದರು. ಗುಂಪಿಗೇ ಮೊದಲು. ಕ್ವಾರ್ಟರ್ ಫೈನಲ್‌ನಲ್ಲಿ ಬಯೆರ್ನ್ ಎದುರು ಎರಡೂ ಮ್ಯಾಚ್ ಡ್ರಾ, ಹೊರಗಡೆ ಹೊಡೆದ ಗೋಲಿನ ಲೆಕ್ಕದಲ್ಲಿ ಔಟ್.

ಆಮೇಲೆ 1995ರ ಡಿಸೆಂಬರ್‌ನಲ್ಲಿ ಯೂರೋಪ್ ಒಕ್ಕೂಟದ ಕೋರ್ಟಿನಿಂದ, ಬೋಸ್ಮನ್ ಅನ್ನುವ ಆಟಗಾರ ಹಾಕಿದ ಕೇಸಿನ ತೀರ್ಪು ಬಂತು. ಒಪ್ಪಂದ ಮುಗಿದ ಆಟಗಾರ ವರ್ಗಾವಣೆ ಹಣ ಇಲ್ಲದೇ ಹೋಗಬಹುದು. ಯೂರೋಪ್ ಒಕ್ಕೂಟದ ಆಟಗಾರರಿಗೆ ವಿದೇಶಿ ಮಿತಿ ಇಲ್ಲ. ಆವರೆಗೆ ಯುಇಎಫ್‌ಎ ಟೂರ್ನಿಗಳಲ್ಲಿ ಮೂರು ವಿದೇಶಿಯರು, ಜೊತೆಗೆ ಅಲ್ಲೇ ಬೆಳೆದ ಇನ್ನಿಬ್ಬರು, ಅಷ್ಟಕ್ಕೇ ಅವಕಾಶ. ಯುಇಎಫ್‌ಎ ಈ ತೀರ್ಪನ್ನು ಜೋರಾಗಿ ವಿರೋಧಿಸಿತು, ಕೋರ್ಟ್ ಕೇಳಲಿಲ್ಲ. ಒಂದು ಕಡೆ ಟಿವಿ ದುಡ್ಡೆಲ್ಲ ಇಂಗ್ಲೆಂಡ್, ಇಟಲಿ, ಸ್ಪೇನ್‌ಗೆ ಹರಿಯುತ್ತಿದೆ, ಇನ್ನೊಂದು ಕಡೆ ಬೇಲಿಯೂ ಬಿತ್ತು. ಸ್ವೀಡನ್ ಹುಡುಗರು ಇಪ್ಪತ್ತು ತುಂಬುವಷ್ಟರಲ್ಲಿ ಹೊರಡತೊಡಗಿದರು. 1997ರಿಂದ ದೊಡ್ಡ ಲೀಗ್‌ಗಳ ಎರಡನೇ ಸ್ಥಾನದವರಿಗೂ ಬಾಗಿಲು ತೆರೆದರು. 1999ರಲ್ಲಿ ಗುಂಪು ಹಂತಕ್ಕೆ 32 ತಂಡ. 2000ದಲ್ಲಿ ಹೆಲ್ಸಿಂಗ್‌ಬೊರ್ಗ್ ಇಂಟರ್ ಮಿಲಾನನ್ನು ಮಣಿಸಿ ಒಳಗೆ ಹೋಯಿತು. ಅದಾದ ಮೇಲೆ ಒಂದು ಸ್ವೀಡಿಷ್ ತಂಡ ಗುಂಪು ಹಂತ ಮುಟ್ಟಿದ್ದು 2014ರಲ್ಲಿ, ಮಾಲ್ಮೊ.

ಅಂದರೆ ಅಧ್ಯಕ್ಷರು ಸ್ವೀಡನ್‌ನವರು, ಅವರ ಅವಧಿಯ ಕೊನೆಯ ವರ್ಷಗಳಲ್ಲಿ ಸ್ವೀಡನ್‌ನ ಒಂದು ಕ್ಲಬ್ಬೂ ಆ ಟೂರ್ನಿಯಲ್ಲಿ ಇಲ್ಲ. ದೀಪದ ಬುಡದಲ್ಲಿ ಕತ್ತಲೆ.

ಬೆಂಚು_ಬಿಸಿ:
ನೋಡಿದ್ರಾ, ನಾನು ಹೇಳಿದ್ದೇ ಅದು. ಸ್ವಂತ ಊರಿಗೂ ಉಪಯೋಗ ಆಗಲಿಲ್ಲ.

ಹಲಸೂರು_ಹಾಫ್‌ಬ್ಯಾಕ್:
ಸ್ವಂತ ಊರಿಗೆ ಉಪಯೋಗ ಮಾಡಿಕೊಟ್ಟಿದ್ದರೆ ಆಗಲೂ ನೀವೇ ಬಯ್ಯುತ್ತಿದ್ರಿ 😄

1998ರಲ್ಲಿ ಮಿಲಾನ್‌ನ ಒಂದು ಕಂಪನಿ ದೊಡ್ಡ ಕ್ಲಬ್ಬುಗಳಿಗೆ ಸೂಪರ್ ಲೀಗ್ ಆಸೆ ತೋರಿಸಿತ್ತು. ಆ 32 ತಂಡದ ಲೆಕ್ಕ ಬಂದದ್ದೇ ಅವರನ್ನು ಹಿಡಿದಿಟ್ಟುಕೊಳ್ಳೋಕೆ. ಅದಕ್ಕೆ ಕಪ್ ವಿನ್ನರ್ಸ್ ಕಪ್ ಬಲಿಯಾಯಿತು. ಗೌಡ್ರ ಲೆಕ್ಕ ಸರಿ. ದೊಡ್ಡವರು ಮನೆ ಬಿಟ್ಟು ಹೋಗದಿರಲಿ ಅಂತ ಪ್ರತಿ ಸಲ ಒಂದೊಂದು ಕೋಣೆ ಬಿಟ್ಟುಕೊಟ್ಟರು. ಬೇರೆ ದಾರಿ ಇತ್ತಾ ಅನ್ನೋದು ನನ್ನ ಪ್ರಶ್ನೆ.

ಮಂಗಳೂರು_ಮಿಡ್‌ಫೀಲ್ಡ್:
ಮಾರಾಯ್ರೆ, ಇಷ್ಟು ಹೊತ್ತಾದರೂ ಯಾರೂ ಲಿಫ್ಟ್ ಕಥೆ ಹೇಳಲಿಲ್ಲ!

1999ರ ಮೇ 26, ಬಾರ್ಸಿಲೋನಾದ ಕ್ಯಾಂಪ್ ನೌ. ಚಾಂಪಿಯನ್ಸ್ ಲೀಗ್ ಫೈನಲ್, ಬಯೆರ್ನ್ ಎದುರು ಮ್ಯಾಂಚೆಸ್ಟರ್ ಯುನೈಟೆಡ್. ಆರನೇ ನಿಮಿಷದಲ್ಲಿ ಬಾಸ್ಲರ್ ಫ್ರೀ ಕಿಕ್‌ನಿಂದ ಬಯೆರ್ನ್ 1-0. ಅದೇ ಸ್ಕೋರು 90ನೇ ನಿಮಿಷದವರೆಗೂ. ಯೊಹಾನ್ಸನ್ ಕಪ್ ಕೊಡಬೇಕಲ್ಲ, ಗ್ಯಾಲರಿಯಿಂದ ಎದ್ದು ಕೆಳಗೆ ಹೋಗಲು ಲಿಫ್ಟ್ ಹತ್ತಿದರು. ಕಪ್‌ಗೆ ಬಯೆರ್ನ್ ಬಣ್ಣದ ರಿಬ್ಬನ್ ಸಿದ್ಧವಾಗಿತ್ತು ಅಂತಲೂ ಹೇಳ್ತಾರೆ. ಅವರು ಕೆಳಗಿಳಿದು, ಸುರಂಗದ ದಾರಿಯಲ್ಲಿ ನಡೆದು ಮೈದಾನದ ಅಂಚಿಗೆ ಬರುವಷ್ಟರಲ್ಲಿ ಯುನೈಟೆಡ್‌ನ ಶೆರಿಂಗ್‌ಹ್ಯಾಮ್ ಒಂದು, ಸೋಲ್ಶೇರ್ ಒಂದು. ಎರಡೂ ಗೋಲು ಇವರು ನೋಡಲೇ ಇಲ್ಲ. ಬಂದು ನೋಡಿದರೆ ಗೆದ್ದವರು ಅಳುತ್ತಿದ್ದಾರೆ, ಸೋತವರು ಕುಣಿಯುತ್ತಿದ್ದಾರೆ! ಏನಾಯ್ತಪ್ಪ ಅಂತ ಅವರಿಗೆ ತಲೆಬುಡ ಅರ್ಥವಾಗಲಿಲ್ಲವಂತೆ. ಅವರೇ ಆಮೇಲೆ ಇದನ್ನು ಹೇಳಿಕೊಂಡು ನಗುತ್ತಿದ್ದರು.

ನನ್ನ ಪ್ರಕಾರ ಅವರನ್ನು ನೆನಪಿಟ್ಟುಕೊಳ್ಳಲು ಇದೊಂದೇ ಸಾಕು.

ಕೆಆರ್‌ಪುರಂ_ಕೀಪರ್:
ಇನ್ನೊಂದು ಲಿಫ್ಟ್ ಕೂಡ ಅವರಿಗೆ ತಪ್ಪಿ ಹೋಯಿತು, ಫಿಫಾಗೆ ಹೋಗುವುದು. 1998ರ ಚುನಾವಣೆ ಬಗ್ಗೆ ಬರೆಯದೇ ಈ ಚರ್ಚೆ ಮುಗಿಯಲ್ಲ.

ಬ್ರೆಜಿಲ್‌ನ ಹ್ಯಾವೆಲಾಂಜ್ 1974ರಿಂದ ಫಿಫಾ ಅಧ್ಯಕ್ಷ. 24 ವರ್ಷ ಕೂತು ಇಳಿಯಲು ಹೊರಟಿದ್ದರು. ಯೊಹಾನ್ಸನ್ ಮುಂಚೆಯೇ ನಾನು ನಿಲ್ತೀನಿ ಅಂತ ಹೇಳಿಬಿಟ್ಟಿದ್ದರು. ಲೆಕ್ಕಪತ್ರ ತೆರೆದಿಡಬೇಕು, ಅಧಿಕಾರ ಹಂಚಬೇಕು ಅನ್ನುವುದು ಅವರ ಮಾತು. ಎಲ್ಲರೂ ಇವರೇ ಗೆಲ್ಲೋದು ಅಂದುಕೊಂಡಿದ್ದರು. 1998ರ ಮಾರ್ಚ್‌ನಲ್ಲಿ ಬ್ಲಾಟರ್ ಬಂದರು. 1981ರಿಂದ ಫಿಫಾ ಪ್ರಧಾನ ಕಾರ್ಯದರ್ಶಿ. ಯಾವ ದೇಶದ ಸಂಸ್ಥೆಯ ಮನೆಯಲ್ಲಿ ಏನು ಬೇಯುತ್ತಿದೆ ಅಂತ ಅವರಿಗೆ ಗೊತ್ತು. ಪಕ್ಕದಲ್ಲಿ ಪ್ಲಾಟಿನಿ ಬೇರೆ.

ಜೂನ್ 8, ಪ್ಯಾರಿಸ್. ವಿಶ್ವಕಪ್ ಶುರುವಾಗೋಕೆ ಎರಡು ದಿನ ಇದೆ. ಇಂಗ್ಲೆಂಡ್ ಕೊನೆ ಗಳಿಗೆಯಲ್ಲಿ ಬ್ಲಾಟರ್ ಕಡೆ ವಾಲಿತು. ಅವರಿಗೆ 2006ರ ವಿಶ್ವಕಪ್ ತಮ್ಮ ದೇಶದಲ್ಲಿ ನಡೆಸಬೇಕಿತ್ತು. ಹೇಸೆಲ್ ನಿಷೇಧದಿಂದ ಹೊರತಂದ ಮನುಷ್ಯನಿಗೆ ಇಂಗ್ಲೆಂಡ್ ಕೊಟ್ಟ ಉಡುಗೊರೆ ಇದು. ಆಫ್ರಿಕಾ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಇಸ್ಸಾ ಹಯಾತು ಯೊಹಾನ್ಸನ್ ಪರ ಇದ್ದರು, ಆದರೆ ಒಳಗೆ ಮತ ಬಿದ್ದಾಗ ಆಫ್ರಿಕಾದ ಹಲವರು ಆ ಕಡೆ. ಬ್ಲಾಟರ್ 111, ಯೊಹಾನ್ಸನ್ 80. ಮೊದಲ ಸುತ್ತಿನಲ್ಲಿ ಗೆಲ್ಲಲು ಮೂರನೇ ಎರಡು ಪಾಲು ಬೇಕಿತ್ತು, ಅಷ್ಟು ಬರಲಿಲ್ಲ. ಎರಡನೇ ಸುತ್ತಿಗೆ ಹೋಗಬಹುದಿತ್ತು. ಇವರು ಸಾಕು ಅಂತ ಹಿಂದೆ ಸರಿದರು. ಲಂಚ ಹಂಚಿದರು ಅನ್ನುವ ಆರೋಪಗಳು ಆಮೇಲೆ ಬಂದವು. ಬ್ಲಾಟರ್ ಒಪ್ಪಲಿಲ್ಲ.

ಸುಮ್ನೆ ಕೂತರು ಅಂತಲ್ಲ. 2002ರಲ್ಲಿ ಫಿಫಾ ಕಾರ್ಯಕಾರಿ ಸಮಿತಿಯ 11 ಜನ ಬ್ಲಾಟರ್ ವಿರುದ್ಧ ಸ್ವಿಸ್ ಅಧಿಕಾರಿಗಳಿಗೆ ದೂರು ಕೊಟ್ಟರು, ಅದರಲ್ಲಿ ಯೊಹಾನ್ಸನ್ ಒಬ್ಬರು. ಅದೇ ವರ್ಷ ಹಯಾತು ಅವರನ್ನು ನಿಲ್ಲಿಸಿ ನೋಡಿದರು. ಬ್ಲಾಟರ್ 139, ಹಯಾತು 56. ದೂರೂ ಹಿಂದಕ್ಕೆ ಹೋಯಿತು.

ಬೆಂಚು_ಬಿಸಿ:
ಕೀಪರ್ ಸಾರ್, ಆಫ್ರಿಕಾ ಯಾಕೆ ಕೈ ಕೊಟ್ಟಿತು ಅನ್ನೋದನ್ನು ನಯವಾಗಿ ದಾಟಿಸಿಬಿಟ್ರಿ. 1996ರಲ್ಲಿ ಇದೇ ಯೊಹಾನ್ಸನ್ ಸ್ವೀಡನ್‌ನ ಅಫ್ಟೊನ್‌ಬ್ಲಾಡೆಟ್ ಪತ್ರಿಕೆ ಜೊತೆ ಮಾತಾಡುವಾಗ ದಕ್ಷಿಣ ಆಫ್ರಿಕಾ ಪ್ರವಾಸದ ಬಗ್ಗೆ ಹೇಳ್ತಾ, ಕೋಣೆ ತುಂಬ ಕೂತಿದ್ದ ಕಪ್ಪು ಜನರ ಬಣ್ಣದ ಮೇಲೆ ಹಗುರವಾಗಿ ಆಡಿದ್ದರು. ಆ ಮಾತು ಭೂಮಿಯೆಲ್ಲ ಸುತ್ತಿತು. ಆಮೇಲೆ ಏನು ಹೇಳಿದರೂ ಆಗಿದ್ದು ಆಗಿಹೋಗಿತ್ತು. ಮತ ಕೇಳೋಕೆ ಹೋಗುವ ಮನೆಯವರನ್ನೇ ಹಳಿದರೆ ಯಾರು ಬಾಗಿಲು ತೆಗೀತಾರೆ? ಬ್ಲಾಟರ್ ಕಳ್ಳಾಟ ಅಂತ ಎಲ್ಲದಕ್ಕೂ ಹೇಳಬೇಡಿ.

ಕೆಆರ್‌ಪುರಂ_ಕೀಪರ್:
ಒಪ್ಪಿದೆ. ಅದು ಅವರೇ ಮಾಡಿಕೊಂಡ ಗಾಯ.

ಸೋಲ್ನಾ_ಸೊಸೆ:
ಗಾಯದ ಪಟ್ಟಿಗೆ ನಂದೂ ಒಂದು. 2005ರಲ್ಲಿ ಇಂಗ್ಲೆಂಡ್‌ನಲ್ಲಿ ಮಹಿಳೆಯರ ಯೂರೋ, ಅಂದರೆ ಯೂರೋಪಿನ ದೇಶಗಳ ಟೂರ್ನಿ, ನಡೆಯುತ್ತಿತ್ತು. ಪ್ರಾಯೋಜಕರನ್ನು ಹೇಗೆ ಸೆಳೆಯಬಹುದು ಅಂತ ಇವರನ್ನು ಕೇಳಿದರೆ, ಮಳೆಯಲ್ಲಿ ಬೆವರು ಸುರಿಸಿ ಆಡುವ ಚೆಂದದ ಹುಡುಗಿ ಇದ್ದರೆ ಮಾಲು ಮಾರಾಟ ಆಗುತ್ತೆ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. 75 ವರ್ಷದ ಅಧ್ಯಕ್ಷರು! ಸ್ವೀಡನ್‌ನಂಥ ದೇಶದಿಂದ ಬಂದವರು. 1984ರಲ್ಲಿ ಯುಇಎಫ್‌ಎಯ ಮೊದಲ ಮಹಿಳಾ ಟೂರ್ನಿ ಗೆದ್ದದ್ದು ಇದೇ ಸ್ವೀಡನ್ ತಂಡ, ಇಂಗ್ಲೆಂಡನ್ನು ಪೆನಾಲ್ಟಿಯಲ್ಲಿ ಸೋಲಿಸಿ.

ಇನ್ನೊಂದು ಮಗ್ಗುಲೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ಮಹಿಳಾ ಕ್ಲಬ್ಬುಗಳಿಗೆ ಯೂರೋಪ್ ಮಟ್ಟದ ಟೂರ್ನಿ ಶುರುವಾಗಿದ್ದು ಅವರ ಅವಧಿಯಲ್ಲೇ, 2001ರಲ್ಲಿ. 2003, 2004ರಲ್ಲಿ ಗೆದ್ದದ್ದು ಉತ್ತರ ಸ್ವೀಡನ್‌ನ ಉಮೆಓ. ಗೋಥೆನ್‌ಬರ್ಗ್ ಗೌಡ್ರು ಸ್ವೀಡನ್ ಕ್ಲಬ್ಬುಗಳು ಮುಳುಗಿದವು ಅಂದ ವರ್ಷಗಳು ಇವೇ. ಗಂಡಸರ ಲೆಕ್ಕ ಅದು ಗೌಡ್ರೇ.

ಗೋಥೆನ್‌ಬರ್ಗ್_ಗೌಡ:
ಅಕ್ಕ, ಸರಿಯಾಗಿ ಕೊಟ್ರಿ. ಬ್ರೆಜಿಲ್ ಆಟಗಾರ್ತಿ ಮಾರ್ತಾ ಉಮೆಓಗೆ ಬಂದದ್ದೂ ಆ 2004ರಲ್ಲೇ ಅಲ್ವಾ.

ಮಲೆನಾಡು_ಮಾಸ್ತರ:
ಎಲ್ಲರೂ ಕ್ಲಬ್ ಹಿಡಿದುಕೊಂಡಿದ್ದೀರಿ. ನನಗೆ ಮುಖ್ಯ ಅನ್ನಿಸೋದು ಭೂಪಟ. ಇವರು ಕುರ್ಚಿ ಮೇಲೆ ಕೂತಾಗ ಸೋವಿಯತ್ ಒಕ್ಕೂಟ ಇತ್ತು, ಯುಗೊಸ್ಲಾವಿಯಾ ಇತ್ತು, ಚೆಕೊಸ್ಲೊವಾಕಿಯಾ ಇತ್ತು. ಮೂರೂ ಒಡೆದವು. ಉಕ್ರೇನ್, ಕ್ರೊಯೇಷಿಯಾ, ಜಾರ್ಜಿಯಾ ಎಲ್ಲ ಹೊಸ ಸದಸ್ಯರು. ಮೂವತ್ತು ಚಿಲ್ಲರೆ ಇದ್ದ ದೇಶಗಳು ಐವತ್ತು ದಾಟಿದವು.

1992ರ ಯೂರೋ ಸ್ವೀಡನ್‌ನಲ್ಲೇ ನಡೆಯಿತು. ಎಂಟೇ ತಂಡ. ಶುರುವಾಗೋಕೆ ಹತ್ತು ಹನ್ನೊಂದು ದಿನ ಇದ್ದಾಗ ವಿಶ್ವಸಂಸ್ಥೆ ಯುಗೊಸ್ಲಾವಿಯಾ ಮೇಲೆ ನಿರ್ಬಂಧ ಹೇರಿತು. ಯುಇಎಫ್‌ಎ ಅವರನ್ನು ಹೊರಗಿಟ್ಟು, ಅರ್ಹತಾ ಗುಂಪಿನಲ್ಲಿ ಅವರ ಹಿಂದೆ ಎರಡನೆಯದಾಗಿದ್ದ ಡೆನ್ಮಾರ್ಕನ್ನು ಕರೆಯಿತು. ಡೆನ್ಮಾರ್ಕ್ ಬಂತು, ಕಪ್ಪೇ ಹೊತ್ತುಕೊಂಡು ಹೋಯಿತು. ಫೈನಲ್‌ನಲ್ಲಿ ಜರ್ಮನಿಗೆ 2-0, ಗೌಡ್ರ ಊರಿನ ಉಲ್ಲೆವಿಯಲ್ಲೇ. 1996ಕ್ಕೆ ತಂಡಗಳು 16 ಆದವು. ಅಷ್ಟು ಹೊಸ ದೇಶ ಬಂದ ಮೇಲೆ ಎಂಟಕ್ಕೇ ನಿಲ್ಲಿಸೋಕೆ ಆಗ್ತಿರಲಿಲ್ಲ.

ಈಗ 2007ಕ್ಕೆ ಬನ್ನಿ. ಜನವರಿ, ಡುಸೆಲ್‌ಡಾರ್ಫ್. 77 ವರ್ಷದ ಯೊಹಾನ್ಸನ್ ಮತ್ತೆ ನಿಂತರು. ಎದುರಾಳಿ ಪ್ಲಾಟಿನಿ, ಬೆನ್ನಿಗೆ ಬ್ಲಾಟರ್. ಸಣ್ಣ ದೇಶಗಳ ಚಾಂಪಿಯನ್ನರಿಗೆ ಚಾಂಪಿಯನ್ಸ್ ಲೀಗ್‌ನಲ್ಲಿ ಜಾಗ ಮಾಡಿಕೊಡ್ತೀನಿ ಅನ್ನುವುದು ಪ್ಲಾಟಿನಿ ಭರವಸೆ. 27-23. ಗುಪ್ತ ಮತದಾನ, ಆದರೂ ಪೂರ್ವ ಯೂರೋಪಿನ ಹೊಸ ಸದಸ್ಯರೇ ಪ್ಲಾಟಿನಿಯನ್ನು ಗೆಲ್ಲಿಸಿದ್ದು ಅಂತ ಆಗಿನಿಂದಲೂ ಎಲ್ಲರ ಲೆಕ್ಕಾಚಾರ. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ?

ಬೆಂಚು_ಬಿಸಿ:
ಮಾಸ್ತರೇ, 77ಕ್ಕೆ ಮತ್ತೆ ಯಾಕೆ ನಿಲ್ಲಬೇಕಿತ್ತು ಅಂತ ಕೇಳಲ್ವಾ? ಪ್ಲಾಟಿನಿ ಹೇಳಿದ್ದನ್ನು ಮಾಡಿದರು ಕೂಡ. 2009ರಿಂದ ಚಾಂಪಿಯನ್ನರಿಗೇ ಬೇರೆ ಅರ್ಹತಾ ದಾರಿ ಬಂತು. 2014ರಲ್ಲಿ ಮಾಲ್ಮೊ ಒಳಗೆ ಹೋದದ್ದು ಆ ದಾರಿಯಲ್ಲೇ. ಸ್ವೀಡನ್ ಕ್ಲಬ್ಬಿಗೆ ಬಾಗಿಲು ತೆಗೆದದ್ದು ಫ್ರಾನ್ಸ್‌ನವರು!

ಹಲಸೂರು_ಹಾಫ್‌ಬ್ಯಾಕ್:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಳ್ಳೇ ಪಾಯಿಂಟ್. 2002ರಲ್ಲೇ ಗೌರವವಾಗಿ ಇಳಿದಿದ್ದರೆ ಚೆನ್ನಾಗಿತ್ತು ಅಂತ ನನಗೂ ಅನ್ನಿಸುತ್ತೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಇವರ ಕಾಲದಲ್ಲಿ ಅಧ್ಯಕ್ಷರು ಮೇಲಿಂದ ನೋಡಿಕೊಳ್ಳುವವರು, ದಿನದ ಆಡಳಿತ ನಡೆಸೋದು ಮುಖ್ಯಾಧಿಕಾರಿ. ಕೊನೆಗೆ ಆ ಸ್ಥಾನದಲ್ಲಿದ್ದವರೂ ಸ್ವೀಡನ್‌ನವರೇ, ಲಾರ್ಸ್ ಕ್ರಿಸ್ಟರ್ ಓಲ್ಸನ್. ಪ್ಲಾಟಿನಿ ಬಂದ ಕೂಡಲೇ ಓಲ್ಸನ್ ಹೊರಟರು, ಅಧಿಕಾರ ಪೂರಾ ಅಧ್ಯಕ್ಷರ ಮೇಜಿಗೆ ಬಂತು. 2015ರಲ್ಲಿ ಬ್ಲಾಟರ್‌ನಿಂದ ಪ್ಲಾಟಿನಿಗೆ ಹೋದ 20 ಲಕ್ಷ ಸ್ವಿಸ್ ಫ್ರಾಂಕ್ ವಿಷಯದಲ್ಲಿ ಫಿಫಾ ಇಬ್ಬರನ್ನೂ ನಿಷೇಧಿಸಿತು. 2022ರಲ್ಲಿ ಸ್ವಿಸ್ ಕೋರ್ಟ್ ಇಬ್ಬರನ್ನೂ ಖುಲಾಸೆ ಮಾಡಿತು, ಅದು ಬೇರೆ. ತಮ್ಮನ್ನು ಸೋಲಿಸಿದ ಇಬ್ಬರೂ ಒಟ್ಟಿಗೆ ಕುರ್ಚಿ ಕಳೆದುಕೊಂಡದ್ದನ್ನು ಯೊಹಾನ್ಸನ್ ನೋಡಿಯೇ ಹೋದರು. ತೀರಿಕೊಂಡದ್ದು 2019ರ ಜೂನ್‌ನಲ್ಲಿ, 89ನೇ ವಯಸ್ಸಿಗೆ.

ಮಂಗಳೂರು_ಮಿಡ್‌ಫೀಲ್ಡ್:
17 ವರ್ಷ ಕುರ್ಚಿ ಅಂದರೆ ಜಾಸ್ತಿ ಅನ್ನುವವರು ನಮ್ಮ ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ ಕಡೆ ಒಮ್ಮೆ ನೋಡಿ. ಪ್ರಫುಲ್ ಪಟೇಲ್ ಅವಧಿ ಮುಗಿದ ಮೇಲೂ ಚುನಾವಣೆ ಆಗದೆ ಸುಪ್ರೀಂ ಕೋರ್ಟ್ ಸಮಿತಿ ನೇಮಿಸಬೇಕಾಯಿತು, ಹೊರಗಿನವರ ಹಸ್ತಕ್ಷೇಪ ಅಂತ 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮನ್ನೇ ಅಮಾನತು ಮಾಡಿತು. ಸ್ವೀಡನ್‌ನಲ್ಲಿ ರಾಜಕಾರಣಿಗಳು ಈ ಕಡೆ ಬರಲ್ವಾ?

ಸೋಲ್ನಾ_ಸೊಸೆ:
ಬರ್ತಾರೆ! 2025ರವರೆಗೆ ಸ್ವೀಡನ್ ಫುಟ್‌ಬಾಲ್ ಸಂಸ್ಥೆ ಅಧ್ಯಕ್ಷರಾಗಿದ್ದದ್ದು ಫ್ರೆಡ್ರಿಕ್ ರೈನ್‌ಫೆಲ್ಟ್. 2006ರಿಂದ 2014ರವರೆಗೆ ದೇಶದ ಪ್ರಧಾನಿ ಆಗಿದ್ದವರು. 2023ರ ಮಾರ್ಚ್‌ನಲ್ಲಿ ಆಯ್ಕೆಯಾದರು. ರಾಜಕೀಯ ಬಿಟ್ಟು ಎಷ್ಟೋ ವರ್ಷ ಆದಮೇಲೆ ಬಂದದ್ದು, ಆದರೂ ಇಲ್ಲಿ ಗೊಣಗಾಟ ಕಮ್ಮಿ ಇರಲಿಲ್ಲ. ಮೇಲಾಗಿ ಅವರು ಎಐಕೆಯ ಬದ್ಧ ಎದುರಾಳಿ ಕ್ಲಬ್ ಯುರ್‌ಗೋರ್ಡೆನ್ ಅಭಿಮಾನಿ. ನಮ್ಮ ಎಐಕೆ ಮನೆಯಲ್ಲಿ ಅದೇ ದೊಡ್ಡ ದೂರು. ಅವರಿಗಿಂತ ಮುಂಚೆ ಮಾಜಿ ರೆಫರಿ ಕಾರ್ಲ್ ಎರಿಕ್ ನಿಲ್ಸನ್, ಅದಕ್ಕೂ ಮುಂಚೆ 1991ರಿಂದ 2012ರವರೆಗೆ ಲಾರ್ಸ್ ಓಕೆ ಲಾಗ್ರೆಲ್. ಯೊಹಾನ್ಸನ್ ಬಿಟ್ಟ ಕುರ್ಚಿಯಲ್ಲಿ ಲಾಗ್ರೆಲ್ ಕೂತದ್ದು 21 ವರ್ಷ. ಮಂಗಳೂರಿನವರು ಲೆಕ್ಕ ಹಾಕಿಕೊಳ್ಳಿ.

ಮಲೆನಾಡು_ಮಾಸ್ತರ:
ಸ್ವೀಡನ್ ಲೀಗ್ ಕಪ್‌ಗೆ ಇವರ ಹೆಸರು ಇದೆ ಅಂತ ಓದಿದ ನೆನಪು. ಹೌದಾ?

ಸೋಲ್ನಾ_ಸೊಸೆ:
ಹೌದು ಮಾಸ್ತರೇ. ಸ್ವೀಡನ್‌ನ ಅಗ್ರ ಲೀಗ್ ಆಲ್‌ಸ್ವೆನ್‌ಸ್ಕನ್ ಗೆದ್ದವರಿಗೆ ಕೊಡೋದು ಲೆನ್ನಾರ್ಟ್ ಯೊಹಾನ್ಸನ್ ಕಪ್, 2001ರಿಂದ. ಅದಕ್ಕೆ ಮುಂಚೆ ಸಂಸ್ಥೆಯ ಮೊದಲ ಅಧ್ಯಕ್ಷ ಕ್ಲಾರೆನ್ಸ್ ಫಾನ್ ರೋಸೆನ್ ಹೆಸರಿನ ಕಪ್ ಇತ್ತು. ಅವರಿಗೆ ನಾಜಿಗಳ ನಂಟಿತ್ತು ಅನ್ನುವ ಆರೋಪ ಎದ್ದ ಮೇಲೆ ಅದನ್ನು ಬದಲಿಸಿದರು. ಬದುಕಿದ್ದಾಗಲೇ ತಮ್ಮ ಹೆಸರಿನ ಕಪ್ ನೋಡುವ ಯೋಗ ಇವರದು. 2009ರಲ್ಲಿ, 2018ರಲ್ಲಿ ಅದು ಎಐಕೆಗೇ ಬಂತು. 2018ರಲ್ಲಂತೂ ಸೋಲ್ನಾದಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ.

ಗೋಥೆನ್‌ಬರ್ಗ್_ಗೌಡ:
2025ರದ್ದೂ ಹೇಳಿ ಅಕ್ಕ. ಗೆದ್ದದ್ದು ಮ್ಯೆಲ್ಬಿ! ದಕ್ಷಿಣದ ಕಡಲ ತೀರದಲ್ಲಿ ಮೀನುಗಾರರ ಹಳ್ಳಿ, ಹೆಲ್ಲೆವಿಕ್, ಅಲ್ಲಿನ ತಂಡ. ಇಡೀ ಊರಿನ ಜನ ಸೇರಿದರೂ ಉಲ್ಲೆವಿಯ ಒಂದು ಮೂಲೆ ತುಂಬಲ್ಲ. ಅದರ ಇತಿಹಾಸದಲ್ಲೇ ಮೊದಲ ಪ್ರಶಸ್ತಿ. ಇನ್ನೂ ಮೂರು ಮ್ಯಾಚ್ ಬಾಕಿ ಇದ್ದಾಗಲೇ ಮುಗಿಸಿದರು, ಅದೂ ನಮ್ಮೂರಿಗೆ ಬಂದು ನಮ್ಮ ಐಎಫ್‌ಕೆ ಮೇಲೆ 2-0. ಹೊಟ್ಟೆ ಉರಿದರೂ ಚಪ್ಪಾಳೆ ಹೊಡೆಯಲೇಬೇಕಿತ್ತು.

ಬೆಂಚು_ಬಿಸಿ:
ಚಾಂಪಿಯನ್ ಅಂದ ಮೇಲೆ ಮ್ಯೆಲ್ಬಿಗೂ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತು ಸಿಗುತ್ತಲ್ವಾ? ಅದನ್ನು ನೋಡೋಕೆ ನಾನೂ ನಿದ್ದೆಗೆಡ್ತೀನಿ. ಯೊಹಾನ್ಸನ್‌ಗೋಸ್ಕರ ಅಲ್ಲ, ಹೇಳಿಬಿಡ್ತೀನಿ.